ನರಿಯ ಸುದ್ದಿಬಳ್ಳಿ

ಒಂದು ಕಾಡಿನಲ್ಲಿ ಬಾಯಿಗೆ ಬೀಗವಿಲ್ಲದ ಪ್ರಾಣಿಗಳೇ ಜಾಸ್ತಿ. ಇದನ್ನು ಕಂಡ ಒಂದು ನರಿ ಮರದಿಂದ ಮರಕ್ಕೆ ಉದ್ದನೆಯ ಬಳ್ಳಿ ಕಟ್ಟಿತು. ಅದರ ಮೇಲೆ ಸುದ್ದಿ ಹೊತ್ತು ಓಡಲು ಅಳಿಲುಗಳನ್ನು ಇಟ್ಟಿತು. "ಎಲೆ ಜಗಿದು ನುಂಗುವಷ್ಟರಲ್ಲಿ ಸುದ್ದಿ ನಿಮ್ಮ ಬಾಗಿಲಿಗೆ! ಹುಣ್ಣಿಮೆಗೊಂದು ಏಡಿ ಕೊಡಿ, ಸಾಕು" ಎಂದು ಸಾರಿತು.

ಬೆಳಿಗ್ಗೆ, ಬಳ್ಳಿ ಖಾಲಿಯಿದ್ದಾಗ, ಒಂದೇ ಒಂದು ಅಳಿಲನ್ನು ಓಡಿಸಿ ತೋರಿಸಿತು. ಬಾಣ ಹೋದ ಹಾಗೆ ಹೋಯಿತು! ನವಿಲಮ್ಮ ಸೇರಿದಳು. ಅವಳು ಸೇರಿದಳೆಂದು ಹಂದಿಯ ಹೆಂಡತಿ ಸೇರಿದಳು. ಪಕ್ಕದ ಮನೆಯಲ್ಲಿರುವುದು ನಮ್ಮಲ್ಲಿ ಇಲ್ಲದಿದ್ದರೆ ಗಂಟಲಲ್ಲಿ ತುತ್ತು ಇಳಿಯುತ್ತದೆಯೇ? ನೋಡನೋಡುತ್ತ ನಲವತ್ತು ಮನೆಯಾಯಿತು. ಬಳ್ಳಿ ಮಾತ್ರ ಒಂದೇ.

ಸಾಕವ್ವನೆಂಬ ಮೊಲವೂ ಸೇರಿದಳು. ಅವಳಿಗೆ ಬೇಕಿದ್ದದ್ದು ಹರಟೆಯಲ್ಲ. ಮನೆಯಲ್ಲಿ ನಾಲ್ಕು ಎಳೆ ಮರಿಗಳಿದ್ದವು. ಮರದ ತುದಿಯ ಕೋತಿ ಚಿರತೆಯನ್ನು ಕಂಡ ಕೂಡಲೇ ಹೇಳಿಕಳಿಸಲಿ ಎಂದು ಅವಳ ಆಸೆ.

ಒಂದು ಸಂಜೆ ಚಿರತೆ ಬಂದೇ ಬಿಟ್ಟಿತು. ಸಾಕವ್ವ ಮರಿಗಳನ್ನು ಮುಳ್ಳುಪೊದೆಗೆ ತಳ್ಳಿ ಹೇಗೋ ಉಳಿಸಿಕೊಂಡಳು. ಚಿರತೆ ಹೋದಮೇಲೆ ಅಳಿಲು ಏದುಸಿರು ಬಿಡುತ್ತ ಬಂತು.

"ಸಾಕವ್ವ, ಚಿರತೆ ಬರ್ತಾ ಇದೆಯಂತೆ!"

"ಬಂದು, ನನ್ನ ಬೆನ್ನು ಪರಚಿ, ಹೋಗಿದ್ದೂ ಆಯ್ತು. ನೀನೆಲ್ಲಿ ಸತ್ತಿದ್ದೆ?"

"ಏನು ಮಾಡಲಿ ತಾಯಿ, ಸಂಜೆಯಾದರೆ ಬಳ್ಳಿ ತುಂಬ ಅಳಿಲುಗಳೇ. ಹಂದಿಯ ಹೆಂಡತಿ ಮುನಿಸಿಕೊಂಡು ತವರಿಗೆ ಹೋದಳಲ್ಲ, ಆ ಸುದ್ದಿಯೇ ಹದಿನೆಂಟು ಮನೆಗೆ ಹೋಗ್ತಿತ್ತು."

ಯಾಕೆ ಮುನಿಸಿಕೊಂಡಳೋ, ನಮಗೇಕೆ ಬಿಡಿ. ಸಾಕವ್ವ ನೆಟ್ಟಗೆ ನರಿಯ ಬಳಿ ಹೋದಳು.

"ನನ್ನ ಬಳ್ಳಿ ಸರಿಯಾಗೇ ಇದೆ ಕಣವ್ವ. ನಿನ್ನ ಮನೆ ಸುತ್ತ ಮುಳ್ಳು ಜಾಸ್ತಿ, ಅದಕ್ಕೇ ತಡ" ಎಂದಿತು ನರಿ.

"ಹೌದಾ ನರಿಯಣ್ಣ? ಚಿರತೆ ವಾಸನೆ ಹಿಡಿದಿದೆ, ನಾಳೆ ಸಂಜೆಯೂ ಬರುತ್ತೆ. ನನ್ನ ಬಾಗಿಲಲ್ಲಿ ನೀನೇ ಕೂತಿರು. ಚಿರತೆಗಿಂತ ಮೊದಲು ನಿನ್ನ ಅಳಿಲು ಬಂದರೆ ಹುಣ್ಣಿಮೆಗೆ ಎರಡು ಏಡಿ ಕೊಡ್ತೀನಿ."

ನರಿಯ ಬಾಯಲ್ಲಿ ನೀರೂರಿತು. ಸಾಕವ್ವ ಮರಿಗಳನ್ನು ಅಕ್ಕನ ಮನೆಗೆ ಸಾಗಿಸಿದಳು. ನರಿ ತನ್ನ ಅತಿ ಚುರುಕಿನ ಅಳಿಲನ್ನು ಆರಿಸಿ ಕೋತಿಯ ಪಕ್ಕದಲ್ಲೇ ನಿಲ್ಲಿಸಿತು. ಮರುದಿನ ಸಂಜೆ ಠೀವಿಯಿಂದ ಬಂದು ಸಾಕವ್ವನ ಬಾಗಿಲಲ್ಲಿ ಕೂತಿತು.

ನರಿ ಹೋಗಿ ಮೊಲದ ಬಾಗಿಲು ಕಾಯುವುದೆಂದರೆ ಸಣ್ಣ ಸುದ್ದಿಯೇ? ನವಿಲಮ್ಮ ಜಿಂಕೆಗೆ ಹೇಳಿಕಳಿಸಿದಳು. ಜಿಂಕೆ ಮುಂಗುಸಿಗೆ ಹೇಳಿಕಳಿಸಿತು.

"ಕೂತಿದೆಯಂತೆ ಕಣೇ!"

"ಬಾಲ ಮಡಚಿಕೊಂಡಾ?"

"ಅಯ್ಯೋ, ಮುಖ ನೋಡಬೇಕಂತೆ!"

ನಲವತ್ತು ಮನೆಯ ಸುದ್ದಿಯೂ ಒಟ್ಟಿಗೇ ಬಳ್ಳಿ ಹತ್ತಿತು. ಚುರುಕಿನ ಅಳಿಲು ಆ ಸಾಲಿನ ಹಿಂದೆ ಕಾಲೂರಲು ಜಾಗವಿಲ್ಲದೆ ನಿಂತಿತು.

ಇತ್ತ ನರಿಯ ಬೆನ್ನ ಹಿಂದೆ ತರಗೆಲೆ ಸದ್ದಾಯಿತು. "ಬಂದೆಯಾ ಮಗನೇ?" ಎಂದು ನರಿ ತಿರುಗಿತು. ಅಳಿಲಿಗೆ ಅಷ್ಟು ದೊಡ್ಡ ಹಲ್ಲು ಎಲ್ಲಿಂದ ಬರಬೇಕು! ನರಿಯ ಪ್ರಾಣ ಉಳಿಯಿತು. ಅರ್ಧ ಬಾಲ ಚಿರತೆಯ ಬಾಯಲ್ಲಿ ಉಳಿಯಿತು.

ಮರುದಿನ ಪ್ರಾಣಿಗಳೆಲ್ಲ ಸೇರಿ ನರಿಯ ಕೈಯಲ್ಲೇ ಇನ್ನೂ ಹತ್ತು ಬಳ್ಳಿ ಕಟ್ಟಿಸಿದವು. ಬಳ್ಳಿಗೆ ಸೇರಲು ಹೊಸಬರು ಯಾರು ಬಂದರೂ ಸಂಜೆಯ ಹೊತ್ತಿನಲ್ಲೇ ಅಳಿಲು ಓಡಿಸಿ ತೋರಿಸಬೇಕೆಂದು ಕಟ್ಟಪ್ಪಣೆ ಮಾಡಿದವು.

ನೀತಿ: ಖಾಲಿ ದಾರಿಯಲ್ಲಿ ತೋರಿಸಿದ ಓಟವನ್ನು ನಂಬಿ ಮೋಸಹೋಗಬೇಡಿ, ಎಲ್ಲರೂ ನುಗ್ಗುವ ಹೊತ್ತಿನಲ್ಲಿ ಎಷ್ಟು ಓಡುತ್ತದೋ ಅದೇ ನಿಜವಾದ ಓಟ.