ದೀಪ ಹಚ್ಚದ ಡಿಸ್ಕ್

ಒಂದು ಆಸ್ಪತ್ರೆಯ ಶೇಖರಣಾ ಪೆಟ್ಟಿಗೆಯಲ್ಲಿ ಐದು ಡಿಸ್ಕ್‌ಗಳು ರೋಗಿಗಳ ಸ್ಕ್ಯಾನ್ ಚಿತ್ರಗಳನ್ನು ಪಾಲು ಹಂಚಿಕೊಂಡು ಕಾಯುತ್ತಿದ್ದವು. ಒಂದು ಮರೆತರೆ ಉಳಿದವು ಸೇರಿ ಅದರ ಪಾಲನ್ನು ಹೊಂದಿಸಿಕೊಡಬಲ್ಲವು. ಎರಡು ಮರೆತರೆ ಚಿತ್ರ ಹೋದಂತೆಯೇ. ಆದ್ದರಿಂದ ಸುಸ್ತಾದ ಡಿಸ್ಕ್ ತನ್ನ ಹಳದಿ ದೀಪ ಹಚ್ಚಬೇಕು, ಮೂಲೆಯಲ್ಲಿ ಕಾದು ಕುಳಿತ ಬದಲಿ ಡಿಸ್ಕ್ ಅದರ ಕೆಲಸ ವಹಿಸಿಕೊಳ್ಳಬೇಕು ಎಂಬುದು ಅಲ್ಲಿನ ಪದ್ಧತಿ.

ಹಿರಿಯ ಡಿಸ್ಕ್‌ಗೆ ಸಾಕುಸಾಕಾಗಿತ್ತು. ವರ್ಷಗಟ್ಟಲೆ ತಿರುಗಿ ತಿರುಗಿ ಮೈಮೇಲಿನ ಬರಹ ಅಲ್ಲಲ್ಲಿ ಅಳಿಸಿಹೋಗಿತ್ತು. ಒಮ್ಮೆ ನಿಂತುಬಿಟ್ಟರೆ ಸಾಕಪ್ಪಾ ಎನಿಸುತ್ತಿತ್ತು. ಆದರೂ ಎಲ್ಲರ ಯಜಮಾನ ಕಂಟ್ರೋಲರ್ "ಹೇಗಿದ್ದೀಯಮ್ಮ?" ಎಂದಾಗಲೆಲ್ಲ, "ಚೆನ್ನಾಗಿದ್ದೇನೆ" ಎನ್ನುತ್ತಿತ್ತು.

"ಅಕ್ಕಾ, ಏದುಸಿರು ಬಿಡುತ್ತಿದ್ದೀರಿ. ದೀಪ ಹಚ್ಚಬಾರದೇ?" ಎಂದಿತು ಪಕ್ಕದ ಡಿಸ್ಕ್.

"ಒಂದು ದಿನವೂ ದುಡಿಯದ ಆ ಮೂಲೆಯವಳಿಗೆ ನನ್ನ ಜಾಗ ಬಿಟ್ಟುಕೊಡಲೇ? ನಿನ್ನ ಕೆಲಸ ನೀನು ನೋಡಿಕೋ."

ಮರುದಿನ ಆ ಪಕ್ಕದ ಡಿಸ್ಕೇ ಇದ್ದಕ್ಕಿದ್ದಂತೆ ನಿಂತುಹೋಯಿತು. ಬದಲಿ ಡಿಸ್ಕ್ ಎದ್ದು, ಅದರ ಪಾಲನ್ನು ಉಳಿದವುಗಳಿಂದ ಕೇಳಿ ಕೇಳಿ ಬರೆದುಕೊಳ್ಳತೊಡಗಿತು. ಅಷ್ಟರಲ್ಲಿ ಶಸ್ತ್ರಚಿಕಿತ್ಸೆಗೆ ನಿಂತಿದ್ದ ವೈದ್ಯರು ಒಂದು ಮಗುವಿನ ಹೃದಯದ ಚಿತ್ರ ಕೇಳಿದರು. ಮೂರು ಡಿಸ್ಕ್‌ಗಳು ತಮ್ಮ ಪಾಲನ್ನು ಒಪ್ಪಿಸಿದವು.

"ಅಕ್ಕಾ, ನಿಮ್ಮದು?" ಎಂದಿತು ಬದಲಿ ಡಿಸ್ಕ್.

ಹಿರಿಯ ಡಿಸ್ಕ್ ಹುಡುಕಿತು, ಮತ್ತೆ ಹುಡುಕಿತು. "ಆ ಭಾಗ ಅಳಿಸಿಹೋಗಿದೆ," ಎಂದು ಕೊನೆಗೆ ಒಪ್ಪಿಕೊಂಡಿತು.

"ನಿನ್ನೆಯೇ ಹೇಳಬಾರದಿತ್ತೇನಮ್ಮ?" ಎಂದಿತು ಕಂಟ್ರೋಲರ್. "ನಿನ್ನೆ ಪಕ್ಕದವನಿದ್ದ. ಅವನನ್ನೂ ಉಳಿದವರನ್ನೂ ಕೇಳಿ ನಿನ್ನ ಪಾಲನ್ನು ಬರೆದುಕೊಳ್ಳುತ್ತಿದ್ದೆವು."