ಎತ್ತು ನುಂಗಿದ ತಂತಿ

ಕೆಂಚ ಎಂಬ ಎತ್ತಿಗೆ ತನ್ನ ಮೆಲುಕಿನ ಮೇಲೆ ಬಲು ಅಭಿಮಾನ. ಸಿಕ್ಕಿದ್ದನ್ನು ಗಬಗಬನೆ ನುಂಗಿ, ಆಮೇಲೆ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಾ, ತಾನು ಮಹಾ ವಿಚಾರವಂತನೆಂದು ಹಿಗ್ಗುತ್ತಿದ್ದ.

ಒಂದು ದಿನ ಪಕ್ಕದಲ್ಲಿ ಕಟ್ಟಿದ್ದ ಮೇಕೆ ಎಚ್ಚರಿಸಿತು: "ಅಣ್ಣಾ, ನೋಡಿಕೊಂಡು ತಿನ್ನು. ಹುಲ್ಲಿನಲ್ಲಿ ತಂತಿಯ ಚೂರಿದೆ."

"ನಿನ್ನ ಹಾಗೆ ಒಂದೊಂದೇ ಎಲೆ ಮೂಸುತ್ತಾ ನಿಲ್ಲಲೇ? ಮೊದಲು ನುಂಗುತ್ತೇನೆ, ಆಮೇಲೆ ಸಾವಧಾನವಾಗಿ ಅಗಿದು ತೀರ್ಮಾನಿಸುತ್ತೇನೆ," ಎಂದು ಕೆಂಚ ಇಡೀ ಕಂತೆಯನ್ನು ಖಾಲಿ ಮಾಡಿದ.

ಹುಲ್ಲು ಮೆಲುಕಿಗೆ ಮರಳಿ ಬಂತು, ತಂತಿ ಬರಲಿಲ್ಲ. ಅದು ಹೊಟ್ಟೆಯೊಳಗೇ ಚುಚ್ಚಿಕೊಂಡಿತು. ಕೆಂಚ ಮೇವು ಬಿಟ್ಟು, ಬೆನ್ನು ಬಾಗಿಸಿ ನರಳತೊಡಗಿದ. ಅವನ ಹೆಮ್ಮೆಯ ಮೆಲುಕೂ ನಿಂತುಹೋಯಿತು. ಇನ್ನು ತನ್ನ ಕಥೆ ಮುಗಿಯಿತೆಂದೇ ಅವನು ಹೆದರಿದ. ಕೊನೆಗೆ ಪಶುವೈದ್ಯೆ ಬಂದು, ಎದೆಯ ಕೆಳಗೆ ಒತ್ತಿ ನೋಡಿ, ಆಯಸ್ಕಾಂತದ ತುಂಡೊಂದನ್ನು ಗಂಟಲಿಗಿಳಿಸಿದರು. ಅದು ಒಳಗಿನ ತಂತಿಯನ್ನು ಹಿಡಿದುಕೊಂಡಿತು. ನೋವು ಮೆಲ್ಲಗೆ ಇಳಿಯಿತು.

"ಈಗ ಹೇಗಿದ್ದೀಯಣ್ಣಾ?" ಎಂದು ಮೇಕೆ ಕೇಳಿತು.

ಕೆಂಚ ನಾಚಿಕೊಂಡು ನಕ್ಕ. "ಹುಲ್ಲು ಯಾವುದು, ತಂತಿ ಯಾವುದು ಎಂದು ತಿಳಿಯುವ ವಸ್ತುವೊಂದು ಈಗ ನನ್ನ ಹೊಟ್ಟೆಯಲ್ಲಿದೆ, ತಂಗೀ. ತಲೆಗೆ ಹಾಕುವಂಥದ್ದೂ ಇದೆಯೇ ಎಂದು ಡಾಕ್ಟರಮ್ಮನನ್ನು ಕೇಳಬೇಕು."