ಎರಡೆಳೆಯ ಸರ

"ಮೇಡಂ, ಯೀಸ್ಟ್ ಕೋಶ ಒಡೆದು ಎರಡಾಗುವಾಗ ಅದರೊಳಗಿನ ಎರಡೆಳೆಯ ಡಿಎನ್‌ಎಯೂ ಎರಡಾಗುತ್ತದಲ್ಲ, ಆಗ ತಾಯಿಯದು ಯಾವ ಕೋಶದಲ್ಲಿ ಉಳಿಯುತ್ತದೆ?" ಎಂದು ಮಹಾನಂದಾ ಕೇಳಿದಳು.

ಅವಳು ಪ್ರಯೋಗಶಾಲೆಗೆ ಹೊಸಬಳು. ಯೀಸ್ಟಿನ ಆಹಾರದಲ್ಲಿ ಹೊಳೆಯುವ ಗುರುತೊಂದನ್ನು ಬೆರೆಸಿದ್ದಳು. ಹೊಸದಾಗಿ ಹುಟ್ಟುವ ಡಿಎನ್‌ಎಗೆ ಮಾತ್ರ ಆ ಗುರುತು ಹತ್ತುತ್ತದೆ. ಒಂದು ಕೋಶ ಹೊಳೆಯಬೇಕು, ತಾಯಿಯದನ್ನು ಉಳಿಸಿಕೊಂಡ ಇನ್ನೊಂದು ಮಂಕಾಗಿರಬೇಕು ಎಂದು ಅವಳ ಎಣಿಕೆ. ನೋಡಿದರೆ ಎರಡೂ ಹೊಳೆಯುತ್ತಿದ್ದವು. ಪ್ರಯೋಗ ಕೆಟ್ಟಿತೆಂದುಕೊಂಡು, ಅಷ್ಟು ದಿನ ಕಾದು ಬೆಳೆಸಿದ್ದನ್ನೆಲ್ಲ ಚೆಲ್ಲಲು ಸೀಸೆ ಹಿಡಿದು ಎದ್ದಿದ್ದಳು.

"ಚೆಲ್ಲುವೆಯಂತೆ, ಅವಸರವೇನು? ಕೂತುಕೋ," ಎಂದು ಅವಳ ಗುರು ನೀಲಾಂಬಿಕೆ ಒಂದು ಕತೆ ಹೇಳಿದರು.

ಒಬ್ಬ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕೊರಳಲ್ಲಿ ಎರಡೆಳೆಯ ಮಣಿಸರ. ಒಂದೆಳೆಯಲ್ಲಿ ಕೆಂಪು ಮಣಿ ಇದ್ದರೆ ಅದರ ಪಕ್ಕದ ಎಳೆಯಲ್ಲಿ ಬಿಳಿ, ಹಸಿರು ಇದ್ದರೆ ಹಳದಿ. ಮದುವೆಯಾಗಿ ಹೊರಟಾಗ ಇಬ್ಬರೂ ಅದೇ ಸರಕ್ಕೆ ಹಟ ಹಿಡಿದರು. ತಾಯಿ ಸರ ಬಿಚ್ಚಿ ಒಬ್ಬೊಬ್ಬಳಿಗೆ ಒಂದೊಂದು ಎಳೆ ಕೊಟ್ಟಳು. ಇದನ್ನು ನೋಡಿಕೊಂಡು ಜೊತೆಯ ಎಳೆ ನೀವೇ ಪೋಣಿಸಿಕೊಳ್ಳಿ ಎಂದಳು. ಅವರು ಹಾಗೆಯೇ ಮಾಡಿದರು.

ಮುಂದೆ ಯಾರದೋ ನಾಮಕರಣದಲ್ಲಿ ಅಕ್ಕ ತಂಗಿ ಎದುರಾದರು. ತಂಗಿಯ ಕೊರಳಲ್ಲಿ ಹೊಸ ಮಣಿಗಳು ಮಿನುಗುತ್ತಿದ್ದವು.

"ನಿನ್ನದು ಅಂಗಡಿಯದ್ದು ಕಣೇ. ಅಮ್ಮನ ಸರ ನನ್ನ ಹತ್ತಿರ ಇದೆ," ಎಂದಳು ಅಕ್ಕ.

"ಈ ಮಾತು ಕನ್ನಡಿ ಮುಂದೆ ನಿಂತು ಹೇಳಕ್ಕ," ಎಂದಳು ತಂಗಿ.

ಮಾತಿಗೆ ಮಾತು ಬೆಳೆಯಿತು. ಒಬ್ಬರ ಮನೆಗೆ ಒಬ್ಬರು ಹೋಗುವುದು ನಿಂತಿತು. ಸುದ್ದಿ ಕೇಳಿದ ತಾಯಿ ಇಬ್ಬರನ್ನೂ ಕರೆಸಿ, ಸರಗಳನ್ನು ಬಿಚ್ಚಿಸಿಕೊಂಡಳು. ಅವಳ ಕಣ್ಣು ಮಂಜಾಗಿತ್ತು. ಬೆರಳಾಡಿಸಿ ನೋಡಿದಳು. ತನ್ನ ಮೈಗೆ ಸವೆದು ನುಣುಪಾಗಿದ್ದ ಮಣಿಗಳು ಎರಡರಲ್ಲೂ ಸಿಕ್ಕವು. ಯಾವುದು ಯಾರದೆಂದು ಕೇಳದೆ ಒಂದೊಂದನ್ನು ಒಬ್ಬೊಬ್ಬಳ ಕೊರಳಿಗೆ ಹಾಕಿದಳು.

ಮಹಾನಂದಾಗೆ ಇನ್ನೂ ಸಮಾಧಾನವಾಗಲಿಲ್ಲ. "ಆದರೆ ಮೇಡಂ, ಹೊಳೆಯುವುದು ಹೊಸದು ಮಾತ್ರ ಅಲ್ಲವೇ?" ಎಂದಳು.

"ಹೊಳೆಯುವುದು ಹೊಸ ಎಳೆಯೇ ಮಗು; ಅದು ಯಾರ ಮಗ್ಗುಲಲ್ಲಿ ಮಲಗಿದೆ ಎಂದು ನೋಡಿದೆಯಾ?"